ಜ್ವರ, ಗಂಟಲು ನೋವು ಬಂದರೆ ಈ ಮಾತ್ರೆ ನಿಲ್ಲಿಸಿ: ಮಂಡ್ಯ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ, ಮಂಡ್ಯ

ಸರ್, ನಮಸ್ಕಾರ.

ನಾನು ಪಾಂಡವಪುರ ತಾಲ್ಲೂಕಿನ ಒಂದು ಊರಿನಲ್ಲಿ ಟೈಲರಿಂಗ್ ಮಾಡುವವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ರವಿಕೆ, ಚೂಡಿದಾರ, ಮಕ್ಕಳ ಲಂಗ, ಸೀರೆಗೆ ಫಾಲ್ಸ್, ಇದೇ ನನ್ನ ಕೆಲಸ. ನಿಮಗೆ ಈ ಪತ್ರ ಬರೆಯುತ್ತಿರುವುದು ಒಂದು ಚೀಟಿಗಾಗಿ. ನಾಲ್ಕು ಮಾತಿನ ಚೀಟಿ. ಥೈರಾಯ್ಡ್ ಜಾಸ್ತಿ ಆದವರಿಗೆ ಕೊಡುವ ಕಾರ್ಬಿಮಜೋಲ್ ಎಂಬ ಮಾತ್ರೆಯ ಕವರಿಗೆ ಅದನ್ನು ಅಂಟಿಸಿ ಕೊಡುವ ವ್ಯವಸ್ಥೆ ನಮ್ಮ ಜಿಲ್ಲೆಯಲ್ಲಿ ಆಗಬೇಕು. ಅಂಥ ಒಂದು ಚೀಟಿ ನನಗೆ ಸಿಕ್ಕಿರಲಿಲ್ಲ. ಅದರಿಂದ ನಾನು ಸಾವಿನ ಬಾಗಿಲು ನೋಡಿ ಬಂದೆ. ಇದೇ ಮಾತ್ರೆ ನುಂಗುತ್ತಿರುವ ಇನ್ನೆಷ್ಟೋ ಜನ ನಮ್ಮ ಸುತ್ತಮುತ್ತ ಇದ್ದಾರೆ. ಅವರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

2022ರ ಯುಗಾದಿ ಹೊತ್ತಿಗೆ ನನಗೆ ಕಾಯಿಲೆ ಶುರುವಾಯಿತು. ಮೊದಲು ಹೇಳಿದ್ದು ನನ್ನ ಅಳತೆ ಟೇಪು. ನನ್ನ ರವಿಕೆ ನಾನೇ ಹೊಲಿದುಕೊಳ್ಳುತ್ತೇನೆ. 36 ಇದ್ದ ಎದೆ ಸುತ್ತಳತೆ 34 ಆಯಿತು. ಶ್ರಾವಣಕ್ಕೆ 32. ಎರಡು ಸಲ ಪಕ್ಕದ ಹೊಲಿಗೆ ಬಿಚ್ಚಿ ಒಳಕ್ಕೆ ಹಿಡಿದೆ. ಊಟವೇನೂ ಕಮ್ಮಿ ಆಗಿರಲಿಲ್ಲ. ಎರಡು ಮುದ್ದೆ ಉಂಡು ಒಂದು ಗಂಟೆಗೆ ಮತ್ತೆ ಹಸಿವು. ರಾತ್ರಿ ಮಗ್ಗುಲಾದರೆ ಎದೆ ಬಡಿತ ದಿಂಬಿನಲ್ಲಿ ಕೇಳಿಸುತ್ತಿತ್ತು. ಆಷಾಢದ ಗಾಳಿಯಲ್ಲಿ ಮನೆಯವರೆಲ್ಲ ಹೊದ್ದು ಮಲಗಿದರೆ ನಾನು ಫ್ಯಾನ್ ಕೆಳಗೆ ಬೆವರುತ್ತಿದ್ದೆ. ದಿನಕ್ಕೆ ನಾಲ್ಕೈದು ಸಲ ಹೊರಕಡೆಗೆ ಹೋಗಬೇಕಿತ್ತು. ನೆಲದ ಮೇಲೆ ಕೂತು ಬಟ್ಟೆ ಕತ್ತರಿಸಿ ಏಳುವಾಗ ತೊಡೆಯಲ್ಲಿ ಬಲವೇ ಇಲ್ಲ, ಗೋಡೆ ಹಿಡಿಯಬೇಕು. ಆಮೇಲೆ ಬಂತು ಕೈ ನಡುಕ. ಮಿಷಿನ್ನಿನ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ದಾರದ ತುದಿಗೆ ಎಂಜಲು ಹಚ್ಚಿ, ಉಸಿರು ಬಿಗಿ ಹಿಡಿದು, ಒಂದು ಕೈಯನ್ನು ಇನ್ನೊಂದರ ಮೇಲೆ ಊರಿ ನೋಡುತ್ತಿದ್ದೆ. ಕೊನೆಗೆ ನಾಲ್ಕು ವರ್ಷದ ಮಗನನ್ನು ಕರೆದು ಪೋಣಿಸಿಕೊಡು ಎನ್ನುತ್ತಿದ್ದೆ.

ಅತ್ತೆ ಉಪ್ಪು ಮೆಣಸಿನಕಾಯಿ ನೀವಾಳಿಸಿ ದೃಷ್ಟಿ ತೆಗೆದರು. ಬಟ್ಟೆ ಕೊಡಲು ಬಂದವರೆಲ್ಲ "ಯಾಕವ್ವ ಹಿಂಗ್ ಸೊರಗೋಗಿದ್ದೀಯ" ಅಂತ ಕೇಳುತ್ತಿದ್ದರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ನರ ದೌರ್ಬಲ್ಯ, ಟೆನ್ಷನ್ ಎಂದರು. ಮೂರು ತಿಂಗಳು ಬಿ ಕಾಂಪ್ಲೆಕ್ಸ್ ಮತ್ತು ನಿದ್ದೆ ಮಾತ್ರೆ ನುಂಗಿದೆ. ಒಂದು ರಕ್ತ ಪರೀಕ್ಷೆ ಬರೆದುಕೊಟ್ಟಿದ್ದರೆ ಆ ಮೂರು ತಿಂಗಳು ಉಳಿಯುತ್ತಿತ್ತು.

ಪರೀಕ್ಷೆ ಆದದ್ದು ಆಗಸ್ಟಿನಲ್ಲಿ. ವರದಿಯಲ್ಲಿ ಟಿಎಸ್‌ಎಚ್ ಹೆಚ್ಚುಕಮ್ಮಿ ಸೊನ್ನೆ. ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4 ಎರಡೂ ಮೇಲೆ. ಲ್ಯಾಬಿನ ಹುಡುಗ "ನಿಮ್ದು ಲೋ ಇದೆ ಅಕ್ಕ" ಅಂದ. ಮನೆಗೆ ಬಂದು ಹೇಳಿದರೆ ನಾದಿನಿ "ಅತ್ತಿಗೆ, ನಂಗೂ ಥೈರಾಯ್ಡ್ ಕಮ್ಮಿನೇ. ನನ್ ಮಾತ್ರೆನೇ ತಗೊಳ್ಳಿ, ಸುಮ್ನೆ ಯಾಕೆ ದುಡ್ಡು ಖರ್ಚು" ಅಂತ ತನ್ನ ಡಬ್ಬಿ ಮುಂದಿಟ್ಟಳು. ಪ್ರೀತಿಯಿಂದಲೇ ಕೊಟ್ಟಳು. ಅದು ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನೇ. ನನ್ನ ಮೈಯಲ್ಲಿ ಆಗಲೇ ಉಕ್ಕಿ ಹರಿಯುತ್ತಿದ್ದದ್ದೂ ಅದೇ. ನುಂಗಿದ್ದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ ಆಗುತ್ತಿತ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಜನ ಇಲ್ಲೇ ತಪ್ಪುತ್ತಾರೆ. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯಿಂದ ಬರುವುದಲ್ಲ. ಹಾರ್ಮೋನು ತಯಾರಿಸು ಎಂದು ಥೈರಾಯ್ಡಿಗೆ ಹೇಳಲು ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಅದನ್ನು ಕಳಿಸುತ್ತದೆ. ನಮ್ಮ ನಾಲೆಯ ನೀರುಗಂಟಿ ಇದ್ದ ಹಾಗೆ. ಗದ್ದೆ ಒಣಗಿದರೆ ತೂಬು ಎತ್ತುತ್ತಾನೆ, ತುಂಬಿದರೆ ಮುಚ್ಚುತ್ತಾನೆ. ಟಿಎಸ್‌ಎಚ್ ಸೊನ್ನೆ ಎಂದರೆ ನೀರುಗಂಟಿ ತೂಬನ್ನು ಪೂರ್ತಿ ಮುಚ್ಚಿದ್ದಾನೆ. ಆದರೂ ಗದ್ದೆಗೆ ನೀರು ನುಗ್ಗುತ್ತಲೇ ಇದೆ, ಎಲ್ಲೋ ಏರಿ ಒಡೆದಿದೆ. ಟಿಎಸ್‌ಎಚ್ ಕಮ್ಮಿ ಇದ್ದು ಟಿ3, ಟಿ4 ಜಾಸ್ತಿ ಇದ್ದರೆ ಅದು ಜಾಸ್ತಿ ಥೈರಾಯ್ಡ್. ಇನ್ನೊಂದು ಮಾತು, ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತಗೊಳ್ಳುವವರು ಪರೀಕ್ಷೆಗೆ ಮೊದಲು ವೈದ್ಯರಿಗೂ ಲ್ಯಾಬಿನವರಿಗೂ ಹೇಳಬೇಕು. ಅದು ಕೆಲವು ಯಂತ್ರಗಳಲ್ಲಿ ಕಾಯಿಲೆ ಇಲ್ಲದವರ ವರದಿಯನ್ನೂ ಹೀಗೇ ತೋರಿಸಿಬಿಡುತ್ತದೆ.

ಏರಿ ಒಡೆಯಲು ಕಾರಣ ಒಂದೇ ಅಲ್ಲ. ನನಗಿದ್ದದ್ದು ಗ್ರೇವ್ಸ್ ಕಾಯಿಲೆ. 1835ರಲ್ಲಿ ಇದರ ಬಗ್ಗೆ ಬರೆದ ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ ಹೆಸರೇ ಕಾಯಿಲೆಗೂ ಬಂದಿದೆ. ನಮ್ಮ ರಕ್ಷಣೆಗೆ ಇರುವ ಪ್ರತಿಕಾಯಗಳೇ ದಾರಿ ತಪ್ಪಿ ಗ್ರಂಥಿಯನ್ನು ಕೆರಳಿಸುತ್ತವೆ. ಕೆಲವರಿಗೆ ಕಣ್ಣುಗುಡ್ಡೆಯೂ ಮುಂದಕ್ಕೆ ಬರುತ್ತದೆ. ನನ್ನ ಪುಣ್ಯ, ಕಣ್ಣಿಗೆ ಏನೂ ಆಗಲಿಲ್ಲ. ನಮ್ಮ ಬೀದಿಯ ಒಬ್ಬ ಹಿರಿಯರಿಗೆ ಇದ್ದದ್ದು ಗ್ರಂಥಿಯೊಳಗಿನ ಗಂಟು. ಅವರಿಗೆ ನಡುಕ, ಬೆವರು ಏನೂ ಇರಲಿಲ್ಲ. ಎದೆ ಬಡಿತ ತಾಳ ತಪ್ಪಿತ್ತು, ಕಾಲು ಊದಿತ್ತು, ಅಷ್ಟೇ. ವಯಸ್ಸಾಯ್ತು ಅಂತ ಎಲ್ಲರೂ ಸುಮ್ಮನಿದ್ದರು. ಹೃದಯದ ತಾಳ ಹಾಗೆ ತಪ್ಪಿದರೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು ಎಂದು ನನಗೆ ಆಮೇಲೆ ಗೊತ್ತಾಯಿತು.

ಬಾಣಂತಿಯರ ಕಥೆಯೇ ಬೇರೆ. ಹೆರಿಗೆಯಾದ ಒಂದು ವರ್ಷದೊಳಗೆ ಕೆಲವರಿಗೆ ಥೈರಾಯ್ಡ್ ಗ್ರಂಥಿ ಉರಿಯೂತವಾಗಿ, ಒಳಗೆ ಕೂಡಿಟ್ಟಿದ್ದ ಹಾರ್ಮೋನು ಸೋರುತ್ತದೆ. ಹೊಸದಾಗಿ ತಯಾರಾಗುತ್ತಿರುವುದಿಲ್ಲ. ಹಾಗಾಗಿ ತಯಾರಿಕೆ ತಡೆಯುವ ಮಾತ್ರೆ ಅವರಿಗೆ ಉಪಯೋಗವಿಲ್ಲ. ಕೆಲವು ವಾರ, ತಿಂಗಳಲ್ಲಿ ಸೋರುವುದು ತಾನಾಗಿ ನಿಲ್ಲುತ್ತದೆ. ಆಮೇಲೆ ಕಮ್ಮಿಯಾಗುವುದೂ ಉಂಟು. ನಮ್ಮ ಕಡೆ ಬಾಣಂತಿ ಸೊರಗಿದರೆ ಬಾಣಂತನ ಸರಿಯಾಗಿ ಮಾಡಿಲ್ಲ ಅಂತ ತವರಿನವರನ್ನು ಬೈಯುತ್ತಾರೆ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ ಎನ್ನುವ ಬಾಣಂತಿಗೆ ಥೈರಾಯ್ಡ್ ಪರೀಕ್ಷೆಗೆ ಹೋಗು ಎಂದು ಹೇಳಲು ಆಶಾ ಕಾರ್ಯಕರ್ತೆಯರಿಗೆ ತಿಳಿಸಿಕೊಡಿ ಸರ್. ಮನೆಮನೆಗೆ ಹೋಗುವವರು ಅವರೇ.

ನನಗೆ ಒಂದು ಆಸ್ಪತ್ರೆಯಲ್ಲಿ ಎರಡು ಬಗೆ ಮಾತ್ರೆ ಬರೆದುಕೊಟ್ಟರು. ಒಂದು ಪ್ರೊಪ್ರನಲಾಲ್. ಎದೆ ಬಡಿತ, ನಡುಕ ತಗ್ಗಿಸುವುದು. ಆಸ್ತಮಾ ಇರುವವರಿಗೆ ಇದು ಆಗಬರುವುದಿಲ್ಲ. ನನಗೆ ಆಸ್ತಮಾ ಇರಲಿಲ್ಲ. ಮೂರನೇ ದಿನ ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸಿದೆ. ಆ ಖುಷಿಯಲ್ಲಿ ಕಾಯಿಲೆ ವಾಸಿಯಾಯಿತು ಅಂದುಕೊಂಡೆ. ಹಾಗೆ ಅಂದುಕೊಂಡು ಎಷ್ಟೋ ಜನ ಇನ್ನೊಂದು ಮಾತ್ರೆ ಬಿಟ್ಟುಬಿಡುತ್ತಾರಂತೆ. ಪ್ರೊಪ್ರನಲಾಲ್ ಕಾಯಿಲೆಯ ಆಟ ತಡೆಯುತ್ತದೆ, ಕಾಯಿಲೆ ಹಾಗೇ ಇರುತ್ತದೆ.

ಇನ್ನೊಂದು ಕಾರ್ಬಿಮಜೋಲ್, 10 ಮಿಲಿಗ್ರಾಂ, ದಿನಕ್ಕೆ ಮೂರು. ಗ್ರಂಥಿಯಲ್ಲಿ ಹಾರ್ಮೋನು ತಯಾರಾಗುವುದನ್ನು ತಡೆಯುವುದು ಇದೇ. ಪರಿಣಾಮ ಕಾಣಲು ವಾರಗಟ್ಟಲೆ ಬೇಕು. ಗ್ರೇವ್ಸ್ ಇದ್ದವರು ಸಾಮಾನ್ಯವಾಗಿ 12ರಿಂದ 18 ತಿಂಗಳು ತಗೊಳ್ಳಬೇಕು. ನಿಲ್ಲಿಸಿದ ಮೇಲೆ ಸುಮಾರು ಅರ್ಧ ಜನರಿಗೆ ಕಾಯಿಲೆ ಮರುಕಳಿಸುತ್ತದೆ. ಒಳ್ಳೆಯ ಮಾತ್ರೆ, ಬೆಲೆಯೂ ಹೆಚ್ಚಿಲ್ಲ. ಇದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ದೂರು ಇದನ್ನು ಕೊಡುವಾಗ ಹೇಳಬೇಕಾದ ಒಂದು ಮಾತನ್ನು ಯಾರೂ ಹೇಳಲಿಲ್ಲ ಎಂಬುದು.

ದಸರಾ ಬಂತು. ಟೈಲರುಗಳಿಗೆ ದಸರಾದಿಂದ ದೀಪಾವಳಿವರೆಗೆ ಉಸಿರಾಡಲು ಪುರುಸೊತ್ತಿಲ್ಲ. ಆಯುಧ ಪೂಜೆಯ ಹಿಂದಿನ ದಿನ ಗಂಟಲು ನೋವು ಶುರುವಾಯಿತು, ಸಂಜೆಗೆ ಜ್ವರ. ಹವಾಮಾನ ಅಂದುಕೊಂಡೆ. ಮೆಣಸು, ಶುಂಠಿ ಹಾಕಿ ಕಷಾಯ ಕುಡಿದೆ, ಪ್ಯಾರಾಸಿಟಮಾಲ್ ನುಂಗಿದೆ. ಕಾರ್ಬಿಮಜೋಲ್ ತಪ್ಪಿಸಬಾರದು ಎಂದು ಅದನ್ನೂ ಮೂರು ಹೊತ್ತು ನುಂಗಿದೆ. ಮಿಷಿನ್ನಿಗೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುವಾಗ ಎಂಜಲು ನುಂಗಲೂ ಆಗುತ್ತಿರಲಿಲ್ಲ. ಮಾರನೇ ದಿನ ಬಾಯಿ ತುಂಬ ಬಿಳಿ ಹುಣ್ಣು, ಮೈ ಕೆಂಡ. ಮನೆಯವರು ಮೈಸೂರಿಗೆ ಕರೆದುಕೊಂಡು ಓಡಿದರು.

ಅಲ್ಲಿ ರಕ್ತ ಪರೀಕ್ಷೆ ಮಾಡಿದರು. ಬಿಳಿ ರಕ್ತಕಣ ಕಮ್ಮಿ ಎಂದರೂ 4,000 ಇರಬೇಕು. ನನ್ನದು 1,200. ಅದರಲ್ಲೂ ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ ಕಣಗಳು ಬಹುತೇಕ ಇಲ್ಲವೇ ಇಲ್ಲ. ಕಾರ್ಬಿಮಜೋಲ್ ತಗೊಳ್ಳುವ 1,000 ಜನರಲ್ಲಿ ಸುಮಾರು 2ರಿಂದ 5 ಜನರಿಗೆ ಹೀಗಾಗಬಹುದು. ಹೆಚ್ಚಿನವರಿಗೆ ಮೊದಲ ಮೂರು ತಿಂಗಳಲ್ಲೇ. ಮುಂಚೆಯೇ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದರೂ ಇದು ದಿಢೀರ್ ಅಂತ ಬರಬಹುದು. ಆದ್ದರಿಂದ ಜ್ವರ, ಗಂಟಲು ನೋವು ಬಂದ ದಿನವೇ ಮಾತ್ರೆ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಬೇಕು. ನಾನು ಮೂರು ದಿನ ತಡ ಮಾಡಿದ್ದೆ. ಆ ಮೂರು ದಿನದಲ್ಲಿ ಒಂಬತ್ತು ಮಾತ್ರೆ ಹೊಟ್ಟೆಗೆ ಹೋಗಿತ್ತು. ಬೇರೆ ಕೋಣೆಯಲ್ಲಿ ಇಟ್ಟು, ಡ್ರಿಪ್ಪಿನಲ್ಲಿ ಆಂಟಿಬಯೋಟಿಕ್ ಕೊಟ್ಟು, ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟು ಎಂಟು ದಿನಕ್ಕೆ ಉಳಿಸಿದರು. ಕಿಟಕಿ ಗಾಜಿನ ಆಚೆ ನನ್ನ ಗಂಡ ಮಾಸ್ಕ್ ಹಾಕಿಕೊಂಡು ನಿಂತಿರುತ್ತಿದ್ದರು.

ಬಿಡುಗಡೆಯ ದಿನ ಅಲ್ಲಿನ ವೈದ್ಯೆ ಒಂದು ಕುರ್ಚಿ ಎಳೆದುಕೊಂಡು ನನ್ನ ಹಾಸಿಗೆ ಪಕ್ಕ ಕೂತರು. ಔಷಧಿ ಚೀಟಿ ತಿರುವಿಹಾಕಿ ಪೆನ್ನಿನಲ್ಲಿ ಮೂರು ಗೆರೆ ಎಳೆದರು. "ನೋಡಮ್ಮ, ಇರೋದು ಮೂರು ದಾರಿ. ಮಾತ್ರೆ, ಅಯೋಡಿನ್, ಆಪರೇಷನ್" ಎಂದರು. ಮೊದಲ ಗೆರೆಯನ್ನು ಅಡ್ಡ ಹೊಡೆದರು. ನನಗಿನ್ನು ಜೀವಮಾನದಲ್ಲಿ ಕಾರ್ಬಿಮಜೋಲ್ ಬೇಡ. ಅದೇ ಜಾತಿಯ ಪಿಟಿಯು ಎಂಬ ಇನ್ನೊಂದು ಮಾತ್ರೆಯೂ ಬೇಡ. ಉಳಿದ ಎರಡರ ಒಳ್ಳೆಯದು ಕೆಟ್ಟದ್ದು ಎರಡನ್ನೂ ಬರೆದು ತೋರಿಸಿದರು. ಇಪ್ಪತ್ತು ನಿಮಿಷ ಆಗಿರಬಹುದು. ಆ ಚೀಟಿ ಇವತ್ತೂ ನನ್ನ ಮಿಷಿನ್ನಿನ ಡ್ರಾಯರಿನಲ್ಲಿದೆ. ದಾರಿ ಮೂರಿವೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಮೊದಲ ದಿನವೇ ಯಾರಾದರೂ ಹೀಗೆ ಕೂರಿಸಿಕೊಂಡು ಹೇಳಿದ್ದರೆ, ಜ್ವರದ ಮಾತೂ ಆಗಲೇ ಬಂದಿರುತ್ತಿತ್ತು ಅಲ್ವಾ?

ಆಪರೇಷನ್ನಿಗೆ ನಾನು ಹೆದರಿದೆ ಅಂತ ಅಲ್ಲ. ನನ್ನ ಹತ್ತಿರ ಬಟ್ಟೆ ಹೊಲಿಸುವ ಒಬ್ಬ ಟೀಚರ್ ಮಾಡಿಸಿಕೊಂಡಿದ್ದಾರೆ. ಅವರ ಗಳಗಂಡ ಎಷ್ಟು ದೊಡ್ಡದಿತ್ತೆಂದರೆ ರವಿಕೆಯ ಕುತ್ತಿಗೆ ಅಳತೆ ತೆಗೆಯುವಾಗ ನನ್ನ ಬೆರಳಿಗೆ ಸಿಗುತ್ತಿತ್ತು. ಅನ್ನ ನುಂಗುವಾಗ ಒತ್ತುತ್ತಿತ್ತು. ಅಂಥವರಿಗೆ, ಗಂಟಿನ ಮೇಲೆ ಕ್ಯಾನ್ಸರ್ ಅನುಮಾನ ಇರುವವರಿಗೆ, ಬೇಗ ಗುಣವಾಗಬೇಕಾದವರಿಗೆ ಆಪರೇಷನ್ ಒಳ್ಳೆಯದು. ಮೊದಲು ಹಾರ್ಮೋನನ್ನು ಹತೋಟಿಗೆ ತಂದು ಆಮೇಲೆ ಮಾಡುತ್ತಾರೆ. ಧ್ವನಿಯ ನರ ಆ ಗ್ರಂಥಿಯ ಬೆನ್ನಿಗೇ ಹಾದುಹೋಗುತ್ತದೆ. ಕ್ಯಾಲ್ಸಿಯಂ ನೋಡಿಕೊಳ್ಳುವ ನಾಲ್ಕು ಪುಟ್ಟ ಗ್ರಂಥಿಗಳೂ ಅಲ್ಲೇ ಅಂಟಿಕೊಂಡಿವೆ. ಹಾಗಾಗಿ ಈ ಆಪರೇಷನ್ ಮಾಡಿ ಪಳಗಿದ ಕೈಯೇ ಬೇಕು. ಟೀಚರಿಗೆ ಒಂದು ತಿಂಗಳು ಬೆರಳ ತುದಿ, ತುಟಿ ಜುಮ್ ಅನ್ನುತ್ತಿತ್ತು. ಕ್ಯಾಲ್ಸಿಯಂ ಮಾತ್ರೆ ತಗೊಂಡು ಸರಿಹೋಯಿತು. ಈಗ ತರಗತಿಯಲ್ಲಿ ಅವರ ದನಿ ಮೊದಲಿನಷ್ಟೇ ಗಟ್ಟಿ.

ನಾನು ಆರಿಸಿಕೊಂಡದ್ದು ರೇಡಿಯೋ ಅಯೋಡಿನ್. ವಿಕಿರಣ ಎಂಬ ಹೆಸರು ಕೇಳಿ ಮನೆಯವರೆಲ್ಲ ಬೆಚ್ಚಿದರು. ಇದು 1941ರಿಂದ ಬಳಕೆಯಲ್ಲಿರುವ ಚಿಕಿತ್ಸೆ ಎಂದು ವೈದ್ಯೆ ಧೈರ್ಯ ಹೇಳಿದರು. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಎಂದರೆ ಊಟ. ಆ ಊಟದಲ್ಲೇ ಔಷಧ ಇಟ್ಟು ಕೊಡುವುದು ಇದು. ಗ್ರಂಥಿ ಹೀರಿಕೊಳ್ಳುತ್ತದೆ, ಕೆರಳಿದ ಕಣಗಳು ನಿಧಾನಕ್ಕೆ ಸಾಯುತ್ತವೆ. ಡಿಸೆಂಬರಿನಲ್ಲಿ ಕೊಟ್ಟರು. ಮೊದಲು ಬಸುರಿ ಅಲ್ಲ ಎಂದು ಪರೀಕ್ಷೆ ಮಾಡಿ ಖಚಿತ ಮಾಡಿಕೊಂಡರು. ಬಸುರಿಯರಿಗೆ, ಹಾಲುಣಿಸುವವರಿಗೆ ಇದನ್ನು ಕೊಡಲೇಬಾರದು. ಆಮೇಲೂ ಆರು ತಿಂಗಳು ಬಸುರಿಯಾಗಬಾರದು. ಕಣ್ಣಿನ ತೊಂದರೆ ಇರುವವರಿಗೆ ಅದು ಹೆಚ್ಚಾಗಬಹುದು, ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ಜಾಸ್ತಿ. ಸೀಸದ ದಪ್ಪ ಡಬ್ಬಿಯಿಂದ ಒಂದು ಸಣ್ಣ ಕ್ಯಾಪ್ಸೂಲ್ ತೆಗೆದುಕೊಟ್ಟರು. ಒಂದು ಲೋಟ ನೀರಿನಲ್ಲಿ ನುಂಗಿದೆ. ಅಷ್ಟೇ, ಅಂದೇ ಮನೆಗೆ ಹೋಗಿ ಎಂದರು.

ಮನೆಗೆ ಹೋಗುವುದು ಹೇಗೆ? ಕೆಲವು ದಿನ ಯಾರ ಪಕ್ಕದಲ್ಲೂ ಹೆಚ್ಚು ಹೊತ್ತು ಕೂರಬಾರದು, ಮುಖ್ಯವಾಗಿ ಮಕ್ಕಳು, ಬಸುರಿಯರ ಪಕ್ಕ. ನಮ್ಮ ಕಡೆ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ವರು ಕೂರುತ್ತಾರೆ, ತೊಡೆ ಮೇಲೆ ಮಗು ಬೇರೆ. ಬಾಡಿಗೆ ಕಾರು ಮಾಡಿಕೊಂಡು, ಹಿಂದಿನ ಸೀಟಿನ ಮೂಲೆಯಲ್ಲಿ ಕೂತು ಬಂದೆ. ಕೂಲಿ ಮಾಡುವವರು ಆ ದುಡ್ಡು ಎಲ್ಲಿಂದ ತರಬೇಕು? ಈ ಚಿಕಿತ್ಸೆಗೆ ಹೋಗಿಬರುವ ಬಡವರಿಗೆ ಒಂದು ವಾಹನ ಕೊಡಿಸಲು ದಾರಿ ಇದೆಯೇ, ದಯವಿಟ್ಟು ನೋಡಿ ಸರ್. ಮಗನನ್ನು ಎರಡು ವಾರ ಶ್ರೀರಂಗಪಟ್ಟಣದಲ್ಲಿ ನನ್ನ ತಾಯಿ ಹತ್ತಿರ ಬಿಟ್ಟೆ. ಬೇರೆ ತಟ್ಟೆ, ಬೇರೆ ಹಾಸಿಗೆ, ಬಾತ್‌ರೂಮಿನಲ್ಲಿ ಎರಡೆರಡು ಸಲ ನೀರು. ಆ ಅಯೋಡಿನ್ನಿನ ವಿಕಿರಣ 8 ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಾದೆ.

ಮಾರ್ಚ್ ಹೊತ್ತಿಗೆ ಗ್ರಂಥಿ ತಣ್ಣಗಾಗಿ, ಕಮ್ಮಿ ಕಡೆಗೆ ಹೋಯಿತು. ಅಯೋಡಿನ್ ತಗೊಂಡ ಹೆಚ್ಚಿನವರಿಗೆ ಹೀಗೇ ಆಗುತ್ತದೆ. ಇದನ್ನು ಮುಂಚೆಯೇ ಹೇಳಿದ್ದರಿಂದ ನಾನು ಗಾಬರಿಯಾಗಲಿಲ್ಲ. ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಒಂದು ಮಾತ್ರೆ, ಮುಕ್ಕಾಲು ಗಂಟೆ ಬಿಟ್ಟು ಕಾಫಿ. ಅಂದು ನನಗೆ ವಿಷವಾಗುತ್ತಿದ್ದ ನಾದಿನಿಯ ಮಾತ್ರೆ ಇಂದು ನನ್ನ ಮಾತ್ರೆಯೇ ಆಗಿದೆ. ರವಿಕೆ ಅಳತೆ ಮತ್ತೆ 36.

ನಿಮ್ಮ ಮುಂದೆ ಇಡುವ ಬೇಡಿಕೆ ದೊಡ್ಡದಲ್ಲ ಸರ್. ಬಿಪಿ, ಶುಗರ್ ಮಾತ್ರೆ ಸಿಗುವ ಹಾಗೆ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಾರ್ಬಿಮಜೋಲ್ ತಪ್ಪದೆ ಸಿಗಬೇಕು. ಕೇಂದ್ರ ಸರ್ಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದೂ ಇದೆ. ನಡುವೆ ಹದಿನೈದು ದಿನ ಸಿಗದೆ ಹೋದರೆ ಅಲ್ಲಿವರೆಗೆ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಟಿಎಸ್‌ಎಚ್ ಒಂದನ್ನೇ ಮಾಡಿ ಕಳಿಸದೆ ಟಿ3, ಟಿ4 ಕೂಡ ಅಲ್ಲೇ ಮಾಡಲಿ. ವಾರಕ್ಕೊಂದು ದಿನ, ಒಬ್ಬರು, ಕನ್ನಡದಲ್ಲಿ, ಹೊಸ ರೋಗಿಗಳನ್ನು ಕೂರಿಸಿಕೊಂಡು ಆ ಮೂರು ಗೆರೆ ಎಳೆದು ತೋರಿಸಲಿ. ನರ್ಸ್ ಆದರೂ ಸಾಕು.

ಇಷ್ಟಕ್ಕೆಲ್ಲ ಸಮಯ ಬೇಕಾಗಬಹುದು. ಚೀಟಿಗೆ ಬೇಕಿಲ್ಲ. ನಾನೇ ಬರೆದಿದ್ದೇನೆ. ಮೈಸೂರಿನ ಆ ವೈದ್ಯೆಗೆ ತೋರಿಸಿ, ಅವರು ತಿದ್ದಿದ ಮೇಲೆ ಇಲ್ಲಿ ಕೊಡುತ್ತಿದ್ದೇನೆ:

"ಈ ಮಾತ್ರೆ ಥೈರಾಯ್ಡ್ ಜಾಸ್ತಿ ಇರುವವರಿಗೆ. ಬೇರೆಯವರಿಗೆ ಕೊಡಬೇಡಿ, ಬೇರೆಯವರದ್ದು ತಗೊಳ್ಳಬೇಡಿ.

ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಮುಂದಿನ ಮಾತ್ರೆ ನುಂಗಬೇಡಿ. ಅಂದೇ ಆಸ್ಪತ್ರೆಗೆ ಹೋಗಿ ಈ ಚೀಟಿ ತೋರಿಸಿ, ಬಿಳಿ ರಕ್ತಕಣ ಪರೀಕ್ಷೆ ಮಾಡಿಸಿ.

ಕಣ್ಣು ಹಳದಿಯಾದರೂ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೂ ಹಾಗೇ ಮಾಡಿ.

ಮುಟ್ಟು ನಿಂತರೆ, ಬಸುರಿಯಾಗುವ ಯೋಚನೆ ಇದ್ದರೆ ಕೂಡಲೇ ವೈದ್ಯರಿಗೆ ಹೇಳಿ. ಮಾತ್ರೆ ಬದಲಿಸಬೇಕಾಗಬಹುದು."

ಒಂದು ಹಾಳೆಯಲ್ಲಿ ಹತ್ತು ಚೀಟಿ ಬರುತ್ತವೆ. ಪಾಂಡವಪುರದಲ್ಲಿ ಜೆರಾಕ್ಸ್ ಮಾಡಿಸಿ, ನನ್ನ ಬಟ್ಟೆ ಕತ್ತರಿಯಲ್ಲೇ ಕತ್ತರಿಸಿ, ನಮ್ಮೂರ ಮೆಡಿಕಲ್ ಸ್ಟೋರಿನವರಿಗೆ ನೂರು ಚೀಟಿ ಕೊಟ್ಟಿದ್ದೇನೆ. ಅವರು ಕವರಿಗೆ ಪಿನ್ನು ಹೊಡೆದು ಕೊಡುತ್ತಿದ್ದಾರೆ. ಹೋದ ವಾರ ಒಬ್ಬ ಹುಡುಗಿ ಆ ಚೀಟಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. "ಅಕ್ಕ, ಬೆಳಿಗ್ಗೆಯಿಂದ ಗಂಟಲು ನೋವು, ಮಾತ್ರೆ ನುಂಗಿಲ್ಲ, ಆಸ್ಪತ್ರೆಗೆ ಹೊರಟಿದ್ದೀನಿ" ಅಂದಳು. ಅವಳ ಬಿಳಿ ಕಣ ಸರಿಯಾಗಿಯೇ ಇತ್ತು, ಬರೀ ನೆಗಡಿ. ವೈದ್ಯರು ಮಾತ್ರೆ ಮುಂದುವರಿಸಲು ಹೇಳಿ ಕಳಿಸಿದರು.

ನಮ್ಮೂರಿಗೆ ನೂರು ಚೀಟಿ ಸಾಕು. ಏಳು ತಾಲ್ಲೂಕಿಗೆ ತಲುಪಿಸುವುದು ನಿಮ್ಮಿಂದ ಆಗುವ ಕೆಲಸ.

ಇಂತಿ ನಮಸ್ಕಾರಗಳೊಂದಿಗೆ,
ಪಾಂಡವಪುರ ತಾಲ್ಲೂಕಿನ ಒಬ್ಬ ಟೈಲರ್